ಒಂದೇ ಕಸುಬೇ, ಹಲವು ಕಸುಬೇ? – ಚಿನ್ನದ ಗಣಿಯಿಂದ ವಿಡಿಯೋ ಗೇಮಿನವರೆಗೆ



ನನ್ನ ತರಗತಿಯಲ್ಲಿ ಕುಳಿತು ಪಾಠ ಕೇಳಿದವರ ಮಕ್ಕಳು ಈಗ ಕಾಲೇಜು ಮುಗಿಸುವ ವಯಸ್ಸಿಗೆ ಬಂದಿದ್ದಾರೆ. ಹಿಂದೆಲ್ಲ ಹತ್ತನೆಯ ತರಗತಿಯ ಫಲಿತಾಂಶ ಬಂದ ಕೂಡಲೇ ತಂದೆತಾಯಿಯರು “ಐಟಿಐಗೆ ಸೇರಿಸೋಣವೇ ಸಾರ್, ಪಿಯುಸಿಗೆ ಸೇರಿಸೋಣವೇ?” ಎಂದು ಕೇಳುತ್ತಿದ್ದರು. ಈಗಿನ ಪ್ರಶ್ನೆಗಳ ಬಣ್ಣವೇ ಬೇರೆ. ಚಿತ್ರಕಲೆಯಲ್ಲಿ ಕೈ ಪಳಗಿದ ಮಕ್ಕಳು ಬೆಂಗಳೂರಿನಲ್ಲಿ ವಿಡಿಯೋ ಗೇಮುಗಳಿಗೆ ಚಿತ್ರ ರಚಿಸುವ ಉದ್ಯೋಗವನ್ನು ಅರಸುತ್ತಿದ್ದಾರೆ. ಅವರಲ್ಲಿ ಹಲವರು ನನ್ನನ್ನು ಕೇಳಿರುವ ಪ್ರಶ್ನೆ ಒಂದೇ: “ಒಂದೇ ಕೆಲಸದಲ್ಲಿ ಪೂರ್ಣ ಪರಿಣತಿ ಪಡೆಯಬೇಕೇ, ಅಥವಾ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಯಬೇಕೇ?” ಸ್ಪೆಷಲಿಸ್ಟ್ ಆಗಬೇಕೇ, ಜನರಲಿಸ್ಟ್ ಆಗಬೇಕೇ ಎಂಬುದು ಅವರ ಮಾತಿನ ಧಾಟಿ.

ನಾನು ವಿಡಿಯೋ ಗೇಮು ಆಡಿದವನಲ್ಲ. ಸಮಾಜ ವಿಜ್ಞಾನ ಬೋಧಿಸಿದವನು. ಆದರೂ ಈ ಪ್ರಶ್ನೆ ನನಗೆ ಹೊಸದೆನಿಸಲಿಲ್ಲ. ಕೋರಮಂಡಲ್, ಊರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂಗಳ ನೆಲದಡಿಯಲ್ಲಿ ನಮ್ಮ ಹಿರಿಯರು 120 ವರ್ಷಗಳ ಕಾಲ ಇದೇ ಪ್ರಶ್ನೆಯೊಂದಿಗೆ ಬದುಕಿದ್ದರು. ಅದಕ್ಕೆ ಉತ್ತರ ಹೇಳಬೇಕಾದ ದಿನವೂ ಒಮ್ಮೆ ಬಂದಿತ್ತು. ಆದ್ದರಿಂದ ಎರಡೂ ಚರಿತ್ರೆಗಳನ್ನು ಜೊತೆಯಲ್ಲಿಟ್ಟು ನೋಡೋಣವೆಂದು ಈ ಲೇಖನ.

ಮೊದಲು, ಈ ಉದ್ಯೋಗವೆಂದರೇನು ಎಂಬುದನ್ನು ನನ್ನ ವಯಸ್ಸಿನ ಬಂಧುಗಳಿಗೆ ತಿಳಿಸಬೇಕು. ಒಂದು ಗೇಮಿನಲ್ಲಿ ನಮ್ಮ ಗಣಿಯನ್ನೇ ತೋರಿಸಬೇಕೆಂದು ಭಾವಿಸಿ. ಕಬ್ಬಿಣದ ಎತ್ತರದ ಗೋಪುರ, ಕೆಳಗಿಳಿಯುವ ಕೇಜು, ಹಿನ್ನೆಲೆಯಲ್ಲಿ ಸಯನೈಡ್ ದಿಬ್ಬ. ಆ ದೃಶ್ಯ ಹೇಗಿರಬೇಕೆಂದು ಮೊದಲು ಒಬ್ಬ ಕಲಾವಿದ ಕಲ್ಪಿಸಿ ಬರೆಯುತ್ತಾನೆ. ಇನ್ನೊಬ್ಬ ಕೇಜಿನ ಮೂರು ಆಯಾಮದ ಆಕಾರವನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾನೆ. ಆ ಕಬ್ಬಿಣಕ್ಕೆ ತುಕ್ಕಿನ ಬಣ್ಣ, ಎಣ್ಣೆಯ ಜಿಡ್ಡು ಬಳಿಯುವವನು ಮತ್ತೊಬ್ಬ. ಕಾರ್ಮಿಕನ ಮುಖ ಮಾಡುವವನು ಬೇರೆ. ಆ ದೇಹದೊಳಗೆ ಕೀಲುಗಳನ್ನು ಜೋಡಿಸುವವನು ಬೇರೆ. ನಡೆಸುವವನು ಇನ್ನೂ ಬೇರೆ. ಸುರಂಗದ ಕತ್ತಲೆಗೆ ದೀಪ ಹಚ್ಚುವವನೊಬ್ಬ, ಸ್ಫೋಟದ ಧೂಳೆಬ್ಬಿಸುವವನೊಬ್ಬ. ಇವೆಲ್ಲವೂ ಸೇರಿದ ಮೇಲೆ ಯಂತ್ರ ತತ್ತರಿಸದೆ ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸಬಲ್ಲುದೇ, ಅಂದರೆ ಒಂದೊಂದು ಚಿತ್ರವೂ ಸುಮಾರು 16.7 ಮಿಲಿಸೆಕೆಂಡಿನಲ್ಲಿ ಸಿದ್ಧವಾಗಬಲ್ಲುದೇ ಎಂದು ನೋಡುವ ತಾಂತ್ರಿಕ ಕಲಾವಿದ ಕೊನೆಗೆ ಬರುತ್ತಾನೆ.

ಆರಂಭದಲ್ಲಿ ಹೀಗಿರಲಿಲ್ಲ. 1981ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ‘ಡಾಂಕಿ ಕಾಂಗ್’ ಹೊರತಂದಾಗ ಅದರ ಆಟವನ್ನು ಯೋಚಿಸಿದವರೂ ಪಾತ್ರಗಳನ್ನು ಬರೆದವರೂ ಶಿಗೆರು ಮಿಯಾಮೊಟೊ ಅವರೇ. 1993ರಲ್ಲಿ ಜಗತ್ತನ್ನೇ ಬೆರಗುಗೊಳಿಸಿದ ‘ಡೂಮ್’ ಆಟದ ಚಿತ್ರಗಳ ಹಿಂದೆ ಮುಖ್ಯವಾಗಿ ಇದ್ದವರು ಇಬ್ಬರು ಕಲಾವಿದರು. ಯಂತ್ರಗಳ ಶಕ್ತಿ ಹೆಚ್ಚಿದಂತೆಲ್ಲ ಚಿತ್ರದ ವಿವರವೂ ಹೆಚ್ಚಿತು. ವಿವರ ಹೆಚ್ಚಿದಂತೆಲ್ಲ ಕೆಲಸ ಹಂಚಿಹೋಯಿತು. 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ ಆಟಕ್ಕೆ ಸಾವಿರಕ್ಕೂ ಹೆಚ್ಚು ಜನ ವರ್ಷಗಟ್ಟಲೆ ದುಡಿದರು. ಅಲ್ಲಿ ಒಬ್ಬ ಕಲಾವಿದ ತಿಂಗಳುಗಟ್ಟಲೆ ಬಾಗಿಲು, ಕಿಟಕಿಗಳನ್ನಷ್ಟೇ ಮಾಡುತ್ತ ಕುಳಿತರೂ ಆಶ್ಚರ್ಯವಿಲ್ಲ.

ಈ ಹಂಚಿಕೆಯೇ ಬೆಂಗಳೂರಿಗೆ ಅನ್ನ ತಂದಿತು. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆಕ್ಟಿವ್ ನಮ್ಮ ದೇಶದ ಮೊದಲ ಗೇಮು ತಯಾರಿಕಾ ಸಂಸ್ಥೆಗಳಲ್ಲಿ ಒಂದು. ಹೊರದೇಶದ ದೊಡ್ಡ ಕಂಪನಿಗಳ ಆಟಗಳಿಗೆ ಬೇಕಾದ ಚಿತ್ರಗಳನ್ನು ಇಲ್ಲಿ ಮಾಡಿಕೊಡುವುದು ಅದರ ಮುಖ್ಯ ಕಸುಬಾಯಿತು. 2016ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಝ್ ಅದನ್ನು ಕೊಂಡಿತು. ಆ ಸಂಸ್ಥೆ ಹಣದ ಮುಗ್ಗಟ್ಟಿಗೆ ಸಿಕ್ಕಾಗ 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಕೊಂಡು ತನ್ನ ಬೆಂಗಳೂರಿನ ಕಚೇರಿಯೊಂದಿಗೆ ಸೇರಿಸಿಕೊಂಡಿತು. ಎರಡೂವರೆ ವರ್ಷದೊಳಗೆ ಒಡೆಯರು ಎರಡು ಸಲ ಬದಲಾದರೂ ಮೇಜಿನ ಮುಂದೆ ಕುಳಿತ ಕಲಾವಿದನ ಕಸುಬು ಅದೇ ಇತ್ತು. ಒಂದು ವಿಷಯದಲ್ಲಿ ಗಟ್ಟಿಯಾದ ಪರಿಣತಿ ಇದ್ದರೆ ಒಡೆಯ ಬದಲಾದರೂ ಅನ್ನ ಉಳಿಯುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ. “ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು” ಎಂದು ನಮ್ಮವರು ಹೇಳಿದ್ದು ಸುಮ್ಮನೆಯಲ್ಲ.

ಇನ್ನು ನಮ್ಮ ಊರಿನ ಕಥೆಗೆ ಬರುತ್ತೇನೆ.

1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಸೇನಾಧಿಕಾರಿ ಈ ಸೀಮೆಗೆ ಬಂದಾಗ ಊರಿನ ಜನ ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ದಾಖಲಿಸಿದ. ಅಗೆಯುವುದು, ಹೊರುವುದು, ಕುಟ್ಟುವುದು, ತೊಳೆಯುವುದು ಎಲ್ಲವೂ ಒಂದು ಸಣ್ಣ ಗುಂಪಿನ ಕೈಯಲ್ಲೇ ಮುಗಿಯುತ್ತಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರೆಲ್ಲರೂ ಜನರಲಿಸ್ಟರು. ಹೊಂಡ ಕೆಲವು ಆಳು ಆಳಕ್ಕಿಂತ ಕೆಳಗಿಳಿಯದಿದ್ದಾಗ ಅಷ್ಟು ಸಾಕಾಗಿತ್ತು.

1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಮತ್ತು ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಆ ಕಾಲ ಮುಗಿಯಿತು. ಗಟ್ಟಿ ಬಂಡೆ ಕೊರೆಯುವ ವಿದ್ಯೆ ಬಲ್ಲ ಕಾರ್ನ್‌ವಾಲ್ ಪ್ರಾಂತದ ಗಣಿಗಾರರು ಹಡಗೇರಿ ಬಂದರು. ತಮಿಳು ಸೀಮೆಯಿಂದ, ಆಂಧ್ರದ ಕಡೆಯಿಂದ ಸಾವಿರಾರು ಕುಟುಂಬಗಳು ಬಂದು ಲೈನುಗಳ ಪುಟ್ಟ ಮನೆಗಳಲ್ಲಿ ನೆಲೆಸಿದವು. 1894ರಲ್ಲಿ, ಆಗ ಬೌರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಮನೆಗಳಿಗೆ ದೀಪ ಬರುವ ಮೊದಲೇ ಗಣಿಗೆ ಬಂತು. ಅದರೊಂದಿಗೆ ಎಲೆಕ್ಟ್ರಿಷಿಯನ್ ಎಂಬ ಹೊಸ ಕಸುಬೂ ಬಂತು.

ಗಣಿ ಆಳವಾದಂತೆ ಕಸುಬುಗಳು ಕವಲೊಡೆದವು. ಬಂಡೆಗೆ ರಂಧ್ರ ಕೊರೆಯುವವನು, ಮದ್ದು ತುಂಬಿ ಸಿಡಿಸುವವನು, ಸಿಡಿದ ಅದಿರನ್ನು ಬಾಚಿ ಟ್ರಾಲಿಗೆ ತುಂಬುವವನು, ಮೇಲಿನ ಬಂಡೆ ಕುಸಿಯದಂತೆ ಆಸರೆ ಕಟ್ಟುವವನು, ನೀರೆತ್ತುವ ಪಂಪು ನೋಡುವವನು, ಕೇಜಿನ ಗಂಟೆ ಬಾರಿಸುವವನು, ಮೇಲೆ ಕುಳಿತು ಆ ಗಂಟೆಯ ಸಂಜ್ಞೆಯನ್ನು ಮಾತ್ರ ನಂಬಿ ಕೇಜನ್ನು ಇಳಿಸಿ ಎತ್ತುವ ವೈಂಡಿಂಗ್ ಇಂಜಿನ್ ಡ್ರೈವರ್ – ಒಬ್ಬೊಬ್ಬರದೂ ಒಂದೊಂದು ವಿದ್ಯೆ. ಚಾಂಪಿಯನ್ ರೀಫ್ಸ್ ಗಣಿ 3 ಕಿಲೋಮೀಟರಿಗೂ ಮಿಗಿಲಾಗಿ ಆಳಕ್ಕೆ ಹೋಯಿತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಭೂಮಿಯ ಒತ್ತಡಕ್ಕೆ ಬಂಡೆ ತಾನಾಗಿ ಸಿಡಿಯುವ ಅಪಾಯವಿದ್ದುದರಿಂದ, ಮರದ ಆಸರೆಯ ಬದಲು ಗ್ರಾನೈಟ್ ಕಲ್ಲುಗಳನ್ನು ಒತ್ತಾಗಿ ಜೋಡಿಸಿ ಗೋಡೆ ಕಟ್ಟುವ ಪದ್ಧತಿ ಇಲ್ಲಿ ಬೆಳೆಯಿತು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಲ್ಲವರಿಂದ ಇಂಥ ಕೆಲಸ ಆಗುವಂಥದಲ್ಲ. ಒಟ್ಟಾರೆ ಸುಮಾರು 800 ಟನ್ ಚಿನ್ನ ಈ ನೆಲದಿಂದ ಹೊರಬಂದದ್ದು ಒಂದೊಂದು ಕಸುಬಿನಲ್ಲಿ ಜೀವಮಾನ ಸವೆಸಿದವರ ಬೆವರಿನಿಂದ.

ವೈಂಡಿಂಗ್ ಇಂಜಿನ್ ಡ್ರೈವರರ ಮಕ್ಕಳು ನನ್ನ ತರಗತಿಯಲ್ಲಿದ್ದರು. ತಂದೆಯ ಕೆಲಸದ ಬಗ್ಗೆ ಪ್ರಬಂಧ ಬರೆಯಿರೆಂದರೆ ಅವರ ಬರಹದಲ್ಲೊಂದು ಠೀವಿ ಕಾಣುತ್ತಿತ್ತು. ಅಪ್ಪನ ಕೈ ಒಂದು ಕ್ಷಣ ತಪ್ಪಿದರೆ ಕೇಜಿನಲ್ಲಿರುವ ಎಲ್ಲರ ಪ್ರಾಣಕ್ಕೂ ಕುತ್ತೆಂದು ಆ ಮಕ್ಕಳಿಗೆ ತಿಳಿದಿತ್ತು. ಆ ಕಸುಬಿಗೆ ಸರ್ಕಾರದ ಪ್ರಮಾಣಪತ್ರ ಬೇಕು. ಅದು ನಮ್ಮೂರಿನಲ್ಲಿ ಪದವಿಗಿಂತ ದೊಡ್ಡ ಗೌರವ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಆಳ ಹೆಚ್ಚುತ್ತ ಹೋಯಿತು, ಅದಿರಿನಲ್ಲಿ ಚಿನ್ನದ ಅಂಶ ಕಡಿಮೆಯಾಗುತ್ತ ಹೋಯಿತು, ವೆಚ್ಚ ಆದಾಯವನ್ನು ನುಂಗಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು.

ಆ ಬಳಿಕ ನಾನು ಕಂಡದ್ದನ್ನು ಹೇಳುತ್ತೇನೆ. ಇದು ಯಾವ ಸಮೀಕ್ಷೆಯೂ ಅಲ್ಲ. ಒಬ್ಬ ಮೇಷ್ಟರು ತನ್ನ ವಿದ್ಯಾರ್ಥಿಗಳ ಮನೆಗಳನ್ನು ನೋಡಿ ತಿಳಿದ ಮಾತು. ಅತ್ಯಂತ ಆಳವಾದ ಪರಿಣತಿ ಇದ್ದವರಲ್ಲಿ ಕೆಲವರಿಗೇ ಅತ್ಯಂತ ದೊಡ್ಡ ಪೆಟ್ಟು ಬಿತ್ತು. ಕೇಜು ಇಳಿಸುವ ವಿದ್ಯೆಗೆ ಶಾಫ್ಟು ಇರಬೇಕು. ಶಾಫ್ಟು ಇರುವ ಊರುಗಳು ನಮ್ಮ ರಾಜ್ಯದಲ್ಲಿ ಎಷ್ಟು? ರಾಯಚೂರು ಜಿಲ್ಲೆಯ ಹಟ್ಟಿಗೆ ಹೋದವರುಂಟು. ಆದರೆ ಐವತ್ತು ದಾಟಿದವರು, ಮಕ್ಕಳ ಓದು ಅರ್ಧದಲ್ಲಿದ್ದವರು ಹೋಗಲಾರದೆ ಉಳಿದರು. ಸಾವಿರಾರು ಜನರನ್ನು ಪಾತಾಳಕ್ಕೆ ಇಳಿಸಿ ಕ್ಷೇಮವಾಗಿ ಮೇಲೆ ತಂದಿದ್ದ ಒಬ್ಬರು ಬೆಂಗಳೂರಿನ ಕಚೇರಿಯೊಂದರ ಗೇಟಿನಲ್ಲಿ ರಾತ್ರಿ ಕಾವಲಿಗೆ ನಿಂತರು. ಬೆಳಗಿನ ಜಾವದ ರೈಲಿನಲ್ಲಿ ಅವರು ಎದುರಾದಾಗ ಅವರಿಗಿಂತ ಮೊದಲು ನಾನೇ ಕೈ ಮುಗಿಯುತ್ತಿದ್ದೆ.

ಹಾಗೆಂದು ಒಂದು ಕಸುಬಿನಲ್ಲೂ ಗಟ್ಟಿ ಇಲ್ಲದವರು ಸುಖಪಟ್ಟರೆಂದು ತಿಳಿಯಬೇಡಿ. ಗಣಿಯಲ್ಲಿ ‘ಎಲ್ಲ ಕೆಲಸಕ್ಕೂ ಆಗುವ’ ಸಹಾಯಕರಿದ್ದರು. ಇಂದು ಪಂಪಿನ ಬಳಿ, ನಾಳೆ ಟ್ರಾಲಿಯ ಬಳಿ. ಅವರ ಕೈಯಲ್ಲಿ ಯಾವ ಪ್ರಮಾಣಪತ್ರವೂ ಇರಲಿಲ್ಲ; ನಾನು ಇದನ್ನು ಬಲ್ಲೆ ಎಂದು ಹೊರಗಿನವರಿಗೆ ತೋರಿಸಲು ಏನೂ ಇರಲಿಲ್ಲ. ಅವರಿಗೆ ಸಿಕ್ಕಿದ್ದು ದಿನಗೂಲಿ ಮಾತ್ರ.

ಕಾಲೂರಿ ನಿಂತವರು ಮೂರನೆಯ ಬಗೆಯವರು. ಗಣಿಯ ಎಲೆಕ್ಟ್ರಿಷಿಯನ್ನರು, ಫಿಟ್ಟರುಗಳು, ಲೇತ್ ಯಂತ್ರದವರು, ವೆಲ್ಡರುಗಳು. ಅವರದೂ ಆಳವಾದ ಪರಿಣತಿಯೇ. ಆದರೆ ಅದಕ್ಕೆ ಗಣಿಯ ಹೊರಗೂ ಗಿರಾಕಿಗಳಿದ್ದರು. ಗಣಿಯ ಪಂಪುಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬರು, ಕೆಲಸದಲ್ಲಿದ್ದಾಗಲೇ ಭಾನುವಾರಗಳಂದು ಸುತ್ತಲಿನ ಹಳ್ಳಿಗಳ ಕೊಳವೆಬಾವಿಯ ಮೋಟಾರು ರಿಪೇರಿ ಮಾಡುತ್ತಿದ್ದರು. ಗಣಿ ಮುಚ್ಚಿದ ತಿಂಗಳಲ್ಲೇ ಬಂಗಾರಪೇಟೆಯಲ್ಲಿ ಅಂಗಡಿ ತೆರೆದರು. ಅವರು ಕಸುಬು ಬಿಟ್ಟವರಲ್ಲ. ಅದನ್ನು ಪಕ್ಕದ ಬೀದಿಯವರೆಗೆ ವಿಸ್ತರಿಸಿದವರು, ಅದೂ ಸಂಬಳ ಬರುತ್ತಿದ್ದ ಕಾಲದಲ್ಲಿ.

ಆಳಕ್ಕೂ ಎರಡನೆಯ ಉಪಯೋಗ ಇರಬಲ್ಲುದು ಎಂಬುದನ್ನು ನಮ್ಮ ಗಣಿಯೇ ತೋರಿಸಿತ್ತು. ಚಿನ್ನಕ್ಕಾಗಿ ತೋಡಿದ ಸುರಂಗದಲ್ಲಿ, ಭೂಮಿಯಿಂದ ಎರಡು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರೊಂದಿಗೆ ಸೇರಿ ಉಪಕರಣಗಳನ್ನಿಟ್ಟರು. 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವು ಅಲ್ಲಿ ದೊರೆಯಿತು. ಬೇರೆಲ್ಲ ಕಿರಣಗಳನ್ನು ತಡೆಯಲು ಅವರಿಗೆ ಬೇಕಾಗಿದ್ದುದು ಆ ಆಳವೇ.

ಈಗ ಮತ್ತೆ ಗೇಮುಗಳ ಲೋಕಕ್ಕೆ ಬನ್ನಿ. ಅಲ್ಲಿಯೂ ಗಣಿ ಮುಚ್ಚುತ್ತದೆ. ಚಲನಚಿತ್ರ ಮತ್ತು ಗೇಮುಗಳಿಗೆ ದೃಶ್ಯಗಳನ್ನು ಮಾಡಿಕೊಡುತ್ತಿದ್ದ ಪ್ಯಾರಿಸ್ ಮೂಲದ ಟೆಕ್ನಿಕಲರ್ ಸಮೂಹ 2025ರ ಫೆಬ್ರವರಿಯಲ್ಲಿ ಕುಸಿದುಬಿತ್ತು. ಬೆಂಗಳೂರಿನ ಕಚೇರಿಯೂ ಸೇರಿದಂತೆ ಭಾರತದಲ್ಲಿ ಸುಮಾರು 3,000 ಜನರ ಉದ್ಯೋಗಕ್ಕೆ ಪೆಟ್ಟು ಬಿತ್ತು. ಅದೂ ಒಂದು ಫೆಬ್ರವರಿಯ ಕೊನೆ ಎಂಬುದನ್ನು ಓದಿದಾಗ ನಮ್ಮೂರಿನವನಾದ ನನಗೆ ಏನನ್ನಿಸಿತೆಂದು ನಿಮಗೆ ವಿವರಿಸಬೇಕಿಲ್ಲ.

ಕಂಪನಿ ಮುಚ್ಚದಿದ್ದರೂ ಕಸುಬು ಬರಿದಾಗಬಲ್ಲುದು. ಒಂದು ಕಾಲಕ್ಕೆ ಗೇಮಿನ ಬಂಡೆ, ಮರದ ಬೇರು, ಗೋಡೆಗಳನ್ನು ಕೈಯಾರೆ ರೂಪಿಸುವುದರಲ್ಲೇ ಹೆಸರು ಮಾಡಿದವರಿದ್ದರು. ಆಮೇಲೆ ನಿಜವಾದ ಬಂಡೆಯನ್ನೇ ಹಲವು ಕೋನಗಳಿಂದ ಛಾಯಾಚಿತ್ರ ತೆಗೆದು ಕಂಪ್ಯೂಟರಿಗೆ ಇಳಿಸುವ ವಿಧಾನ ಬಂತು. ಹಾಗೆ ಸಂಗ್ರಹಿಸಿದ ಭಂಡಾರವನ್ನು ಕಟ್ಟಿದ್ದ ಕ್ವಿಕ್ಸೆಲ್ ಸಂಸ್ಥೆಯನ್ನು 2019ರಲ್ಲಿ ಎಪಿಕ್ ಗೇಮ್ಸ್ ಕೊಂಡು, ತನ್ನ ಅನ್‌ರಿಯಲ್ ಇಂಜಿನ್ ಬಳಸುವವರಿಗೆ ಅದನ್ನು ಉಚಿತವಾಗಿ ತೆರೆದಿಟ್ಟಿತು. ಬಂಡೆ ಮಾತ್ರ ಮಾಡಬಲ್ಲವನ ಗತಿಯೇನು? 2022ರಿಂದೀಚೆಗೆ, ಮಾತಿನಲ್ಲಿ ಹೇಳಿದರೆ ಚಿತ್ರ ಬರೆದುಕೊಡುವ ಕೃತಕ ಬುದ್ಧಿಮತ್ತೆಯೂ ಬಂದಿದೆ. ಆದರೆ ಯಾವ ಬಂಡೆಯನ್ನು ಎಲ್ಲಿಟ್ಟರೆ ಆಟಗಾರನ ಕಣ್ಣು ದಾರಿಯ ಕಡೆಗೆ ಹೋಗುತ್ತದೆ, ಯಾವ ಮೂಲೆಯಲ್ಲಿ ಬೆಳಕು ಬಿದ್ದರೆ ಭಯ ಹುಟ್ಟುತ್ತದೆ ಎಂಬ ವಿವೇಕ ಯಾವ ಭಂಡಾರದಲ್ಲೂ ಸಿದ್ಧವಾಗಿ ಸಿಗುವುದಿಲ್ಲ. ಕಸುಬಿನ ಸಾಧನ ಹಳತಾಗುತ್ತದೆ. ಕಸುಬಿನ ಕಣ್ಣು ಅಷ್ಟು ಬೇಗ ಹಳತಾಗುವುದಿಲ್ಲ.

ಹಾಗಾದರೆ ಎಲ್ಲವನ್ನೂ ಬಲ್ಲವನಾಗುವುದೇ ಲೇಸಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಅಮೆರಿಕದ ಎರಿಕ್ ಬರೋನ್ ಎಂಬ ಯುವಕ ನಾಲ್ಕು ವರ್ಷಕ್ಕೂ ಮಿಗಿಲಾಗಿ ಒಬ್ಬನೇ ಕುಳಿತು, ಚಿತ್ರ, ಸಂಗೀತ, ಪ್ರೋಗ್ರಾಂ ಎಲ್ಲವನ್ನೂ ತಾನೇ ಮಾಡಿ 2016ರಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಕೃಷಿಯ ಆಟವನ್ನು ಹೊರತಂದು ಲೋಕಪ್ರಸಿದ್ಧನಾದ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ 2020ರಲ್ಲಿ ನಮ್ಮ ಪುರಾಣಗಳನ್ನು ಆಧರಿಸಿ ‘ರಾಜಿ’ ಎಂಬ ಆಟವನ್ನು ಮಾಡಿತು. ಸಣ್ಣ ತಂಡಗಳಲ್ಲಿ ಒಬ್ಬನೇ ಮೂರು ಕೆಲಸ ಬಲ್ಲವನಾಗಿದ್ದರೆ ಅವನಿಗೆ ಬೆಲೆ. ಇದು ನಿಜ. ಆದರೆ ಸಾವಿರ ಜನ ದುಡಿಯುವ ಆಟಕ್ಕೆ ಚಿತ್ರ ಮಾಡಿಕೊಡುವ ಕಂಪನಿಯ ಬಾಗಿಲಲ್ಲಿ ಹತ್ತು ವಿದ್ಯೆಗಳ ಹತ್ತು ಅರೆಬರೆ ಮಾದರಿಗಳನ್ನು ಹಿಡಿದು ನಿಂತವನು ನಮ್ಮ ಗಣಿಯ ಸಹಾಯಕನ ಸ್ಥಿತಿಯಲ್ಲೇ ಇರುತ್ತಾನೆ. ಅಲ್ಲಿ ಕೇಳುವ ಪ್ರಶ್ನೆ “ನೀನು ಯಾವುದನ್ನು ನಮ್ಮವರಿಗಿಂತ ಚೆನ್ನಾಗಿ ಮಾಡಬಲ್ಲೆ?” ಎಂಬುದೊಂದೇ.

ಈ ಎರಡರ ನಡುವೆ ದಾರಿ ಯಾವುದು? ಅದನ್ನು ಗಣಿಯ ಚರಿತ್ರೆಯ ಒಂದು ದುರಂತ ಹೇಳಿಕೊಡುತ್ತದೆ. 1862ರ ಜನವರಿ 16ರಂದು ಇಂಗ್ಲೆಂಡಿನ ಹಾರ್ಟ್ಲಿ ಕಲ್ಲಿದ್ದಲು ಗಣಿಯಲ್ಲಿ ಪಂಪು ಯಂತ್ರದ ಭಾರಿ ಕಬ್ಬಿಣದ ತೊಲೆ ಮುರಿದು ಶಾಫ್ಟಿನೊಳಗೆ ಬಿತ್ತು. ಆ ಗಣಿಗೆ ಇದ್ದದ್ದು ಒಂದೇ ಶಾಫ್ಟು. ಅದು ಮುಚ್ಚಿಹೋಯಿತು; ಒಳಗಿದ್ದ ಗಂಡಸರು, ಹುಡುಗರು ಸೇರಿ 204 ಜನ ಪ್ರಾಣ ಬಿಟ್ಟರು. ಅದೇ ವರ್ಷ ಬ್ರಿಟನ್ನಿನಲ್ಲಿ, ಗಣಿಯಿಂದ ಹೊರಬರಲು ಎರಡು ಪ್ರತ್ಯೇಕ ದಾರಿಗಳಿರಬೇಕೆಂದು ಕಾನೂನಾಯಿತು. ನಮ್ಮ ದೇಶದ ಗಣಿ ನಿಯಮಗಳಲ್ಲೂ ಇದೇ ತತ್ತ್ವವಿದೆ.

ಗಮನಿಸಿ ಮಕ್ಕಳೇ, ಆ ಕಾನೂನು “ಆಳಕ್ಕೆ ಹೋಗಬೇಡಿ” ಎನ್ನಲಿಲ್ಲ. “ಊರ ತುಂಬ ಸಣ್ಣ ಸಣ್ಣ ಹೊಂಡ ತೋಡಿ” ಎಂದೂ ಹೇಳಲಿಲ್ಲ. ಆಳಕ್ಕೆ ಹೋಗಿ, ಆದರೆ ಪಕ್ಕದ ಶಾಫ್ಟಿಗೆ ಒಂದು ಅಡ್ಡಸುರಂಗ ಕೊರೆದಿಡಿ ಎಂದಿತು. ಅಮೆರಿಕದ ವಾಲ್ವ್ ಎಂಬ ಗೇಮು ಕಂಪನಿಯ ನೌಕರರ ಕೈಪಿಡಿ 2012ರಲ್ಲಿ ಹೊರಬಿದ್ದಿತು. ಅದರಲ್ಲಿ, ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಜನ ನಮಗೆ ಬೇಕು ಎಂಬ ಮಾತಿದೆ. ಕೆಳಕ್ಕಿಳಿಯುವ ಗೆರೆ ಒಂದು ವಿದ್ಯೆಯ ಆಳ. ಅಡ್ಡ ಗೆರೆ ಇತರ ವಿದ್ಯೆಗಳ ಪರಿಚಯ. ಅದನ್ನು ಓದಿದಾಗ ನನ್ನ ಕಣ್ಣಿಗೆ ಕಂಡದ್ದು ನಮ್ಮ ಶಾಫ್ಟು ಮತ್ತು ಅಡ್ಡಸುರಂಗವೇ.

ಆದ್ದರಿಂದ ಕೇಳಿದವರಿಗೆ ನನ್ನ ಉತ್ತರ ಹೀಗಿದೆ. ಮೊದಲ ಮೂರು-ನಾಲ್ಕು ವರ್ಷ ಒಂದೇ ಶಾಫ್ಟು ಇಳಿಯಿರಿ. ಪರಿಸರ ಚಿತ್ರಿಸುವುದೋ, ಪಾತ್ರ ರೂಪಿಸುವುದೋ, ವಾಹನ ಕಟ್ಟುವುದೋ, ನಿಮ್ಮ ಕೈ ಯಾವುದರಲ್ಲಿ ಆಯಾಸ ಮರೆಯುವುದೋ ಅದನ್ನು ಹಿಡಿಯಿರಿ. ನಿಮ್ಮ ಮಾದರಿ ಚಿತ್ರಗಳನ್ನು ನೋಡಿದವರು ನಿಮ್ಮ ಕಸುಬು ಯಾವುದೆಂದು ಒಂದೇ ನಿಮಿಷದಲ್ಲಿ ಹೇಳುವಂತಿರಲಿ. ಆ ಬಳಿಕ ಪಕ್ಕದ ಮೇಜಿನವರ ಕೆಲಸವನ್ನು ಕಲಿಯಿರಿ; ದೂರದ್ದಲ್ಲ, ಪಕ್ಕದ್ದು. ಪರಿಸರದವರು ಬೆಳಕಿನ ಕೆಲಸವನ್ನು, ಪಾತ್ರ ರೂಪಿಸುವವರು ಕೀಲು ಜೋಡಣೆಯನ್ನು, ವಾಹನದವರು ಕಾರು ಕಂಪನಿಗಳ ವಿನ್ಯಾಸ ವಿಭಾಗಗಳು ಬಳಸುವ ಸಾಧನಗಳನ್ನು ತಿಳಿದುಕೊಳ್ಳಲಿ. ಬ್ಲೆಂಡರ್‌ನಂಥ ಉಚಿತ ಸಾಧನ ಇರುವಾಗ ಕಲಿಕೆಗೆ ಹಣವಿಲ್ಲವೆಂಬ ನೆಪವೂ ಇಲ್ಲ. ವರ್ಷಕ್ಕೊಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ: ಈ ಕಂಪನಿಯ ಬಾಗಿಲು ನಾಳೆ ಮುಚ್ಚಿದರೆ ನನ್ನ ವಿದ್ಯೆಗೆ ಎರಡನೆಯ ಗಿರಾಕಿ ಯಾರು? ಉತ್ತರ ಹೊಳೆಯದಿದ್ದರೆ ಅಡ್ಡಸುರಂಗ ಕೊರೆಯುವ ಕಾಲ ಬಂದಿದೆಯೆಂದು ತಿಳಿಯಿರಿ. ಗಣಿ ನಡೆಯುತ್ತಿರುವಾಗ ಮಾತ್ರ ಅದನ್ನು ಕೊರೆಯಲು ಸಾಧ್ಯ. ಮುಚ್ಚಿದ ಮೇಲೆ ಪಂಪುಗಳು ನಿಲ್ಲುತ್ತವೆ, ನೀರು ಏರುತ್ತದೆ.

ಹೆತ್ತವರಿಗೂ ಒಂದು ಮಾತು. ಉದ್ಯೋಗ ಹೋದ ಮಗನನ್ನೋ ಮಗಳನ್ನೋ “ನೀನು ಮೊದಲೇ ಬೇರೆ ಕಲಿಯಬೇಕಿತ್ತು” ಎಂದು ಹಂಗಿಸಬೇಡಿ. ಅದಿರು ತೀರಿದ್ದಕ್ಕೆ ಕೊರೆಯುವವನು ಕಾರಣನಲ್ಲ. 2001ರಲ್ಲಿ ನಮ್ಮ ಲೈನುಗಳ ಎಷ್ಟೋ ಮನೆಗಳಲ್ಲಿ ಇಂಥ ಮಾತುಗಳೇ ಸಂಬಳ ನಿಂತದ್ದಕ್ಕಿಂತ ಹೆಚ್ಚು ನೋಯಿಸಿದವು. ಎರಡನೆಯ ದಾರಿಯನ್ನು ಕೊರೆಯಲು ಮನೆಯವರ ಧೈರ್ಯವೂ ಬೇಕಾಗುತ್ತದೆ.

ಸಯನೈಡ್ ದಿಬ್ಬಗಳ ಮೇಲೆ ಸೆಟ್ ಹಾಕಿ ತೆಗೆದ 2018ರ ಸಿನಿಮಾದಿಂದ ನಮ್ಮ ಊರಿನ ಹೆಸರು ದೇಶವೆಲ್ಲ ಪರಿಚಿತವಾಯಿತು. ನಿಮ್ಮಲ್ಲಿ ಯಾರಾದರೂ ಮುಂದೊಮ್ಮೆ ಈ ಊರನ್ನು ಗೇಮಿನಲ್ಲಿ ಕಟ್ಟುವುದಾದರೆ, ಗೋಪುರ ಮತ್ತು ದಿಬ್ಬಗಳ ಜೊತೆಗೆ ಆ ಗಂಟೆಯ ಸಂಜ್ಞೆಗೆ ಕಿವಿಗೊಟ್ಟು ಕುಳಿತ ವೈಂಡಿಂಗ್ ಡ್ರೈವರನನ್ನೂ ಮರೆಯದೆ ಚಿತ್ರಿಸಿ. ಅವರ ಕೈಯ ಚಿತ್ರ ಸರಿಯಾಗಿ ಬರಬೇಕಾದರೆ ನಿಮಗೂ ಒಂದು ಕಸುಬಿನ ಆಳ ತಿಳಿದಿರಬೇಕು.